ಅಳಿದ ಕೋಟೆ, ಉಳಿದ ಪ್ರಶ್ನೆ

ಮನುಷ್ಯನು ಯಾವ ಉದ್ದೇಶಕ್ಕಾಗಿ ತನ್ನ ಆಯುಷ್ಯದ ಒಳ್ಳೆಯ ವರ್ಷಗಳನ್ನು ಸವೆಸುತ್ತಾನೆಯೋ, ಆ ಉದ್ದೇಶವನ್ನೇ ಮುಂದೊಂದು ದಿನ ಮೇಲಿನವರು ಒಂದು ಸಹಿಯಿಂದ ರದ್ದುಗೊಳಿಸಿದರೆ, ಅವನು ಸವೆಸಿದ ವರ್ಷಗಳು ವ್ಯರ್ಥವಾದವೆ? ಈ ಪ್ರಶ್ನೆ ಹೊಸದೇನಲ್ಲ. ಆದರೆ ಸರಕಾರಿ ನೌಕರಿಯಲ್ಲಿ ತಲೆ ನರೆಯುತ್ತಿರುವ ನಮ್ಮಂಥವರಿಗೆ ಇದು ಕೇವಲ ತತ್ತ್ವಶಾಸ್ತ್ರದ ಪುಸ್ತಕದ ಪ್ರಶ್ನೆಯಲ್ಲ. ನಾವು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ ಯೋಜನೆಗಳಲ್ಲಿ ಕೆಲವು ಹೆಸರು ಬದಲಾಯಿಸಿಕೊಂಡವು, ಕೆಲವು ಹೆಸರಿಲ್ಲದೆ ಹೋದವು. 'ಸಿ' ವರ್ಗದ ಕಡತಗಳನ್ನು ಅವಧಿ ಮುಗಿದೊಡನೆ ನಾಶಪಡಿಸುವುದು ನಿಯಮ. ನಮ್ಮ ಕೈಬರಹದ ಬಹುಭಾಗ ಆ ವರ್ಗಕ್ಕೇ ಸೇರಿದ್ದು.

2023ರ ಏಪ್ರಿಲಿನಲ್ಲಿ ಸ್ಕಾಟ್ಲೆಂಡಿನಿಂದ ಬಂದ ಒಂದು ಸುದ್ದಿ ಈ ಪ್ರಶ್ನೆಯನ್ನು ನಮ್ಮ ಮುಂದೆ ಮತ್ತೊಮ್ಮೆ ತಂದು ನಿಲ್ಲಿಸಿತು. ಗ್ಲಾಸ್ಗೋ ನಗರದ ವಾಯವ್ಯಕ್ಕೆ, ವೆಸ್ಟ್ ಡನ್‌ಬಾರ್ಟನ್‌ಶೈರ್ ಪ್ರಾಂತದಲ್ಲಿ, ಕಾರ್ಲೀತ್ ಎಂಬಲ್ಲಿಯ ಪ್ರಾಥಮಿಕ ಶಾಲೆಯೊಂದರ ಹತ್ತಿರದ ಹೊಲದ ಅಡಿಯಲ್ಲಿ ರೋಮನರ ಗಡಿಯ ಕಿರುಕೋಟೆಯೊಂದು ಪತ್ತೆಯಾಯಿತು. ಕೋಟೆ ಎಂದೊಡನೆ ವಾಚಕರು ಬುರುಜು, ಕೊತ್ತಳ, ಆನೆ ಹೊಗುವ ಹೆಬ್ಬಾಗಿಲುಗಳನ್ನು ಕಲ್ಪಿಸಿಕೊಳ್ಳಬಾರದು. ಇದ್ದದ್ದು ಮರದ ಎರಡು ಸಣ್ಣ ಕಟ್ಟಡಗಳು. ಸುತ್ತ, ಕಲ್ಲಿನ ಅಡಿಪಾಯದ ಮೇಲೆ, ಹುಲ್ಲು ಸಮೇತ ಕಡಿದ ಮಣ್ಣಿನ ಹೆಂಟೆಗಳನ್ನು ಪೇರಿಸಿ ಎಬ್ಬಿಸಿದ ಸುಮಾರು ಎರಡು ಮೀಟರ್ ಎತ್ತರದ ಗೋಡೆ. ಉತ್ತರಕ್ಕೊಂದು, ದಕ್ಷಿಣಕ್ಕೊಂದು ಬಾಗಿಲು. ಒಳಗೆ ಇರುತ್ತಿದ್ದವರು ಹತ್ತು ಹನ್ನೆರಡು ಮಂದಿ ಸಿಪಾಯಿಗಳು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದೊಂದು ಹೊರಠಾಣೆ.

ಈ ಠಾಣೆ ಕಾಯುತ್ತಿದ್ದುದು ಆಂಟೊನೈನ್ ಗೋಡೆಯನ್ನು. ಚಕ್ರವರ್ತಿ ಹ್ಯಾಡ್ರಿಯನನು ಕ್ರಿ.ಶ. 122ರಲ್ಲಿ ಬ್ರಿಟನ್ನಿನ ನಡುವೆ ಕಟ್ಟಿಸತೊಡಗಿದ ಕಲ್ಲಿನ ಗೋಡೆ ಜಗತ್ಪ್ರಸಿದ್ಧ. ಅವನ ಉತ್ತರಾಧಿಕಾರಿ ಆಂಟೊನೈನಸ್ ಪಯಸ್ ಅಷ್ಟಕ್ಕೆ ತೃಪ್ತನಾಗದೆ ಗಡಿಯನ್ನು ಇನ್ನೂ ಸುಮಾರು 160 ಕಿಲೋಮೀಟರ್ ಉತ್ತರಕ್ಕೆ ತಳ್ಳಿ, 142ರಲ್ಲಿ ಸಮುದ್ರದಿಂದ ಸಮುದ್ರಕ್ಕೆ ಸುಮಾರು 60 ಕಿಲೋಮೀಟರ್ ಉದ್ದದ ಹೊಸ ಗೋಡೆಗೆ ಅಪ್ಪಣೆ ಕೊಟ್ಟನು. ಈ ಚಕ್ರವರ್ತಿ ಬ್ರಿಟನ್ನಿಗೆ ಕಾಲಿಟ್ಟವನಲ್ಲ. ಸೈನ್ಯದ ಹಿನ್ನೆಲೆಯಿಲ್ಲದೆ ಪಟ್ಟಕ್ಕೆ ಬಂದವನಿಗೆ ಒಂದು ವಿಜಯದ ಹೆಸರು ಬೇಕಾಗಿತ್ತೆಂದು ಇತಿಹಾಸಕಾರರು ಊಹಿಸುತ್ತಾರೆ. ಸಾವಿರಾರು ಸೈನಿಕರು ಹೆಂಟೆ ಕಡಿದರು, ಕಂದಕ ತೋಡಿದರು, ಗೋಡೆ ಎಬ್ಬಿಸಿದರು. ಸುಮಾರು ಇಪ್ಪತ್ತು ವರ್ಷ ಕಾವಲಿದ್ದರು. 160ರ ದಶಕದ ಆದಿಯಲ್ಲಿ ಹೊಸ ಅಪ್ಪಣೆ ಬಂದಿತು. ಗಡಿ ಮತ್ತೆ ಹ್ಯಾಡ್ರಿಯನನ ಗೋಡೆಗೇ ಹಿಂದೆ ಸರಿಯಿತು. ಕಟ್ಟಿದವರು ಹೊರಟುಹೋದರು, ಹುಲ್ಲಿನ ಗೋಡೆ ಕ್ರಮೇಣ ಹುಲ್ಲೇ ಆಯಿತು.

ಕೋಟೆ ಕಣ್ಮರೆಯಾದ ಬಗೆಯೂ ಸ್ವಾರಸ್ಯವಾದದ್ದೇ. 1707ರಲ್ಲಿ ರಾಬರ್ಟ್ ಸಿಬ್ಬಾಲ್ಡ್ ಎಂಬ ವಿದ್ವಾಂಸನು ಕಾರ್ಲೀತ್ ತೋಟದ ಬಳಿ ಇಂಥದೊಂದು ಕಿರುಕೋಟೆಯನ್ನು ಕಂಡುದಾಗಿ ಬರೆದಿಟ್ಟಿದ್ದನು. ಅನಂತರ ಅದು ಕಾಣದಾಯಿತು. 1970 ಮತ್ತು 80ರ ದಶಕಗಳಲ್ಲಿ ಪುರಾತತ್ತ್ವಜ್ಞರು ಹುಡುಕಿದರೂ ಸಿಗಲಿಲ್ಲ. ಕೊನೆಗೆ ಹಿಸ್ಟಾರಿಕ್ ಎನ್ವಿರಾನ್‌ಮೆಂಟ್ ಸ್ಕಾಟ್ಲೆಂಡ್ ಎಂಬ ಸಂಸ್ಥೆಯವರು ಗ್ರೇಡಿಯೋಮೀಟರ್ ಎಂಬ ಉಪಕರಣ ಹಿಡಿದು ಹೊಲದಲ್ಲಿ ನಡೆದಾಡಿ ಅದನ್ನು ಪತ್ತೆಮಾಡಿದರು. ವಿಜ್ಞಾನ ಓದಿ ಗುಮಾಸ್ತಿಕೆಗೆ ಬಂದ ನಮಗೆ ಈ ಭಾಗ ವಿಶೇಷವಾಗಿ ಹಿಡಿಸಿತು. ಭೂಮಿಯ ಕಾಂತಕ್ಷೇತ್ರದಲ್ಲಿ ಅಲ್ಲಲ್ಲಿ ಆಗುವ ಅತಿ ಸೂಕ್ಷ್ಮ ವ್ಯತ್ಯಾಸಗಳನ್ನು ಈ ಉಪಕರಣ ಅಳೆಯುತ್ತದೆ. ಮಣ್ಣಿನಡಿ ಕಲ್ಲು ಹಾಸಿದ್ದರೆ, ಬೆಂಕಿ ಉರಿದಿದ್ದರೆ, ತೋಡಿದ ಕಂದಕ ಮತ್ತೆ ತುಂಬಿಕೊಂಡಿದ್ದರೆ ಅಲ್ಲಿಯ ಅಳತೆ ಸುತ್ತಲಿನದಕ್ಕಿಂತ ಬೇರೆಯಾಗುತ್ತದೆ. ಒಂದು ಗುದ್ದಲಿ ಮಣ್ಣನ್ನೂ ಎತ್ತದೆ, ಗೋಡೆಯ ಅಡಿಪಾಯದ ನಕ್ಷೆ ಮೂಡಿಬಂದಿತು. ಗೋಡೆಯುದ್ದಕ್ಕೂ ನಾಲ್ವತ್ತರಷ್ಟು ಇಂಥ ಕಿರುಕೋಟೆಗಳು ಇದ್ದಿರಬಹುದೆಂದು ಅಂದಾಜು. ಅಲ್ಲಿಯವರೆಗೆ ಸಿಕ್ಕಿದ್ದುದು ಒಂಬತ್ತು. ಇದು ಹತ್ತನೆಯದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಯಾರದೋ ಕೀರ್ತಿಯ ಆಸೆಗಾಗಿ ಕಟ್ಟಿ, ಇಪ್ಪತ್ತೇ ವರ್ಷಗಳಲ್ಲಿ ಬಿಟ್ಟುಹೋದ ಗಡಿಯಲ್ಲಿ, ಸ್ಕಾಟ್ಲೆಂಡಿನ ಚಳಿಗಾಳಿಗೆ ಮುಖವೊಡ್ಡಿ ರಾತ್ರಿಯೆಲ್ಲ ಕಾವಲು ನಿಂತ ಸಿಪಾಯಿಯ ಶ್ರಮಕ್ಕೆ ಏನು ಬೆಲೆ?

ಒಂದು ಉತ್ತರ ಲೌಕಿಕರದು: ಬೆಲೆ ಏನೂ ಇಲ್ಲ. ಫಲದಿಂದಲೇ ಕೆಲಸಕ್ಕೆ ಬೆಲೆ. ಗಡಿಯೇ ಉಳಿಯಲಿಲ್ಲವೆಂದಮೇಲೆ ಗಡಿ ಕಾದದ್ದೂ ಶೂನ್ಯ. ಈ ಉತ್ತರ ನೇರವಾಗಿದೆ, ಆದರೆ ಇದನ್ನು ಒಪ್ಪಿದರೆ ನಿಲ್ಲುವುದಕ್ಕೆ ನೆಲವೇ ಸಿಗುವುದಿಲ್ಲ. ಏಕೆಂದರೆ ಹ್ಯಾಡ್ರಿಯನನ ಗೋಡೆಯೂ ಕೊನೆಗೆ ಬರಿದಾಯಿತು, ರೋಮ್ ಸಾಮ್ರಾಜ್ಯವೂ ಅಳಿಯಿತು. ಇಪ್ಪತ್ತು ವರ್ಷ ನಿಂತದ್ದು ವ್ಯರ್ಥವಾದರೆ ಮುನ್ನೂರು ವರ್ಷ ನಿಂತದ್ದು ಸಾರ್ಥಕ ಹೇಗೆ? ಅವಧಿಯ ಉದ್ದದಿಂದ ಅರ್ಥ ಹುಟ್ಟುವುದಾದರೆ ಜಗತ್ತಿನಲ್ಲಿ ಯಾವ ಕೆಲಸಕ್ಕೂ ಅರ್ಥವಿಲ್ಲ.

ಎರಡನೆಯ ಉತ್ತರ ನಮಗೆ ಬಾಲ್ಯದಿಂದ ಪರಿಚಿತವಾದದ್ದು. ಕರ್ತವ್ಯ ಮಾಡುವುದಷ್ಟೇ ನಿನ್ನದು, ಫಲದ ಚಿಂತೆ ಬೇಡ ಎಂಬ ಗೀತೆಯ ಬೋಧೆ. ಸೋಜಿಗವೆಂದರೆ, ಅದೇ ಗೋಡೆಯ ಕಾಲದಲ್ಲಿ ರೋಮಿನಲ್ಲೂ ಇದನ್ನು ಹೋಲುವ ಮಾತು ಕೇಳಿಬರುತ್ತಿತ್ತು. 161ರಲ್ಲಿ ಆಂಟೊನೈನಸನ ತರುವಾಯ ಪಟ್ಟಕ್ಕೆ ಬಂದ ಮಾರ್ಕಸ್ ಅರೀಲಿಯಸ್ ಸ್ಟೋಯಿಕ್ ಪಂಥದ ತತ್ತ್ವಜ್ಞಾನಿ. ನೆನೆಯುವವನೂ ನೆನೆಯಲ್ಪಡುವವನೂ ಇಬ್ಬರೂ ಅಳಿಯುವವರೇ, ಒಳ್ಳೆಯದನ್ನು ಮಾಡಿದಮೇಲೆ ಅದಕ್ಕೆ ಪ್ರತಿಫಲವನ್ನು ಹುಡುಕಬೇಡ ಎಂಬ ಭಾವವನ್ನು ಅವನು ತನಗೆ ತಾನೇ ಬರೆದುಕೊಂಡ ಟಿಪ್ಪಣಿಗಳಲ್ಲಿ ಮತ್ತೆ ಮತ್ತೆ ಕಾಣಬಹುದು. ಗಡಿಯನ್ನು ಹಿಂದಕ್ಕೆಳೆದುಕೊಂಡ ಕಾಲದ ಅರಸನಿಗೆ ತಕ್ಕ ಮಾತು.

ಈ ಉತ್ತರ ದೊಡ್ಡದು. ಆದರೆ ಇಲ್ಲಿಗೇ ನಿಲ್ಲಿಸಿದರೆ ಒಂದು ಅಪಾಯವಿದೆ. ಆ ಅಪಾಯವನ್ನು ತೋರಿಸುವ ಕಲ್ಲು ಅದೇ ಗೋಡೆಯ ಪೂರ್ವದ ತುದಿಯಲ್ಲಿ, ಬ್ರಿಜ್‌ನೆಸ್ ಎಂಬಲ್ಲಿ, 1868ರಲ್ಲಿ ಸಿಕ್ಕಿತು. ಗೋಡೆ ಕಟ್ಟಿದ ಸೈನ್ಯದ ತುಕಡಿಗಳು ತಾವು ಎಷ್ಟೆಷ್ಟು ದೂರ ಕಟ್ಟಿದೆವೆಂದು ಶಾಸನ ಕೆತ್ತಿ ನಿಲ್ಲಿಸುತ್ತಿದ್ದರು. ಎರಡನೆಯ ಲೀಜನ್ನಿನವರ ಈ ಕಲ್ಲಿನಲ್ಲಿ ಲೆಕ್ಕ ಕರಾರುವಾಕ್ಕಾಗಿದೆ: 4652 ಜೋಡಿಹೆಜ್ಜೆ, ಅಂದರೆ ಇಂದಿನ ಅಳತೆಯಲ್ಲಿ ಸುಮಾರು ಏಳು ಕಿಲೋಮೀಟರ್. ಇಷ್ಟು ಅಚ್ಚುಕಟ್ಟಾದ ಕೆಲಸದ ಪಟ್ಟಿಯನ್ನು ನೋಡಿದರೆ ಯಾವ ಗುಮಾಸ್ತನಿಗೂ ಸಂತೋಷವಾಗಬೇಕು. ಆದರೆ ಆ ಅಕ್ಷರಗಳ ಎಡಬದಿಗೆ ಕೆತ್ತಿರುವ ಚಿತ್ರದಲ್ಲಿ ರೋಮನ್ ಸವಾರನೊಬ್ಬ ಕುದುರೆಯ ಮೇಲೆ ಈಟಿ ಎತ್ತಿ ಬರುತ್ತಿದ್ದಾನೆ. ಗೊರಸಿನ ಕೆಳಗೆ ಬೆತ್ತಲೆ ಮೈಯ ಸ್ಥಳೀಯರು. ಒಬ್ಬನ ತಲೆ ಮುಂಡದಿಂದ ಬೇರೆಯಾಗಿದೆ.

ಕರ್ತವ್ಯವನ್ನು ಚೆನ್ನಾಗಿ ಮಾಡಿದೆನೆಂಬ ಸಮಾಧಾನ ಈ ಚಿತ್ರವನ್ನು ಅಳಿಸಲಾರದು. ಫಲದ ಚಿಂತೆ ಬೇಡವೆಂದರೆ, ನನ್ನ ಕೆಲಸ ಯಾರ ಮೇಲೆ ಹೋಗಿ ಬೀಳುತ್ತದೆಂಬ ಚಿಂತೆಯೂ ಬೇಡವೆಂದು ಅರ್ಥವಲ್ಲ. ತನಗೆ ಬರಬೇಕಾದ ಫಲ ಬೇರೆ, ಇನ್ನೊಬ್ಬನಿಗೆ ತಗಲುವ ಪರಿಣಾಮ ಬೇರೆ. ಮೊದಲನೆಯದನ್ನು ಬಿಡುವುದು ವೈರಾಗ್ಯ, ಎರಡನೆಯದನ್ನು ಬಿಡುವುದು ಕುರುಡುತನ. ಕಚೇರಿಯಲ್ಲಿ 'ನಿಯಮ ಹಾಗಿದೆ, ನಾವೇನು ಮಾಡುವುದು' ಎಂದು ಕೈ ತೊಳೆದುಕೊಳ್ಳುವಾಗ ನಾವು ಈ ಎರಡನ್ನೂ ಒಂದೇ ಮಾಡಿಬಿಡುತ್ತೇವೆ.

ಹಾಗಾದರೆ ಮೂರನೆಯ ಉತ್ತರವಿದೆಯೆ? ನಮಗೆ ತೋಚಿದ್ದನ್ನು ಹೇಳುವ ಮುನ್ನ ವಾಚಕರನ್ನು ಇನ್ನೊಂದು ಕೋಟೆಗೆ ಕರೆದೊಯ್ಯಬೇಕಾಗಿದೆ. ಕಾರ್ಲೀತಿನ ಹತ್ತು ಹನ್ನೆರಡು ಮಂದಿಯ ಹೆಸರು ಉಳಿದಿಲ್ಲ. ಆದರೆ ಅವರಿಗಿಂತ ಸುಮಾರು ನಾಲ್ವತ್ತು ವರ್ಷ ಹಿಂದೆ, ದಕ್ಷಿಣದಲ್ಲಿ, ವಿಂಡೊಲಾಂಡ ಎಂಬ ಗಡಿಕೋಟೆಯಲ್ಲಿದ್ದವರ ಕಾಗದಪತ್ರಗಳೇ ನಮಗೆ ದೊರೆತಿವೆ. 1973ರಲ್ಲಿ ರಾಬಿನ್ ಬರ್ಲಿ ಎಂಬ ಪುರಾತತ್ತ್ವಜ್ಞರಿಗೆ ಅಲ್ಲಿಯ ಜವುಗು ಮಣ್ಣಿನಲ್ಲಿ ಅಂಚೆ ಕಾರ್ಡಿನಷ್ಟು ಅಗಲದ, ತೆಳ್ಳನೆಯ ಮರದ ಹಲಗೆಚೂರುಗಳು ಸಿಕ್ಕವು. ಮೇಲೆ ಮಸಿಯ ಬರಹ. ಆಮ್ಲಜನಕ ತಾಗದ ಮಣ್ಣಿನಲ್ಲಿ ಹೂತುಹೋದದ್ದರಿಂದ ಮರ ಕೊಳೆಯದೆ ಉಳಿದಿತ್ತು. ಕಣ್ಣಿಗೆ ಕಾಣದ ಅಕ್ಷರಗಳನ್ನು ಅತಿಕೆಂಪು ಕಿರಣಗಳ ಛಾಯಾಚಿತ್ರದಿಂದ ಓದಿದರು. ಇಂಥವು ಈಗ ಒಂದೂವರೆ ಸಾವಿರಕ್ಕೂ ಹೆಚ್ಚು ದೊರೆತಿವೆ.

ಏನಿದೆ ಅವುಗಳಲ್ಲಿ? ಸಾಮ್ರಾಜ್ಯದ ರಾಜಕಾರಣವಲ್ಲ. ರಜೆಯ ಅರ್ಜಿಗಳಿವೆ. ಸಾಮಾನಿನ ಲೆಕ್ಕಗಳಿವೆ. ಯಾರೋ ಒಬ್ಬನಿಗೆ ಕಾಲುಚೀಲ, ಚಪ್ಪಲಿ, ಎರಡು ಜೊತೆ ಒಳಚಡ್ಡಿ ಕಳಿಸಿದ ಸಮಾಚಾರವಿದೆ. ಕೂಡಲೇ ಹಣ ಕಳಿಸು, ರಸ್ತೆ ಕೆಟ್ಟಿದೆ ಎಂಬ ವ್ಯಾಪಾರಿಯ ಗೋಳಿದೆ. ಕ್ಲಾಡಿಯಾ ಸೆವೆರಾ ಎಂಬ ಅಧಿಕಾರಿಯ ಪತ್ನಿ ಸೆಪ್ಟೆಂಬರ್ 11ರ ತನ್ನ ಹುಟ್ಟುಹಬ್ಬಕ್ಕೆ ಬರಬೇಕೆಂದು ಗೆಳತಿ ಸುಲ್ಪಿಸಿಯಾ ಲೆಪಿಡಿನಾಳನ್ನು ಕರೆದ ಓಲೆಯಿದೆ. ಓಲೆಯನ್ನು ಬರೆದವನು ಲಿಪಿಕಾರ. ಕೊನೆಯ ಅಕ್ಕರೆಯ ಸಾಲುಗಳು ಮಾತ್ರ ಆಕೆಯದೇ ಕೈಬರಹ. ಲ್ಯಾಟಿನ್ನಿನಲ್ಲಿ ಹೆಣ್ಣೊಬ್ಬಳು ಸ್ವಹಸ್ತದಿಂದ ಬರೆದ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು.

ನಮ್ಮ ವೃತ್ತಿಬಂಧುವೊಬ್ಬ ಬರೆದ ಹಲಗೆಯೂ ಇದೆ. ತುಂಗ್ರಿಯನ್ ತುಕಡಿಯ ಮೇ 18ರ ಹಾಜರಿ ಪಟ್ಟಿ ಅದು. ಒಟ್ಟು ಬಲ 752. ಬೇರೆಡೆ ಕರ್ತವ್ಯದ ಮೇಲೆ ಹೋದವರು 456. ಉಳಿದವರು 296. ಅವರಲ್ಲಿ ಕಾಯಿಲೆಯವರು 15, ಗಾಯಗೊಂಡವರು 6, ಕಣ್ಣುಬೇನೆಯವರು 10, ಕೂಡಿ 31. ಸೇವೆಗೆ ಯೋಗ್ಯರು 265. ಓದುಗರು ಕೂಡಿ ಕಳೆದು ನೋಡಬಹುದು, ಲೆಕ್ಕ ತಾಳೆಯಾಗುತ್ತದೆ.

ಈ ಹಲಗೆಗಳು ಉಳಿಯಲೆಂದು ಯಾರೂ ಬರೆದವಲ್ಲ. ಕ್ರಿ.ಶ. 105ರ ಸುಮಾರಿಗೆ ಬಟಾವಿಯನ್ ತುಕಡಿಗೆ ಡೇನ್ಯೂಬ್ ನದಿಯ ಕಡೆಗೆ ವರ್ಗವಾದಾಗ ಬೇಡದ ದಾಖಲೆಗಳನ್ನು ರಾಶಿಹಾಕಿ ಬೆಂಕಿ ಇಟ್ಟರೆಂದೂ, ಬೆಂಕಿ ಪೂರ್ತಿ ಉರಿಯದ್ದರಿಂದ ಕೆಲವು ಉಳಿದವೆಂದೂ ಅಗೆದವರ ಅಭಿಪ್ರಾಯ. ಉಳಿದದ್ದೆಲ್ಲ 'ಸಿ' ವರ್ಗದ ಕಡತ!

ಈಗ ಮೂರನೆಯ ಉತ್ತರ. ಪ್ರತಿಯೊಂದು ಕೆಲಸಕ್ಕೂ ಎರಡು ಮುಖಗಳಿವೆಯೆಂದು ನಮಗೆ ತೋರುತ್ತದೆ. ಒಂದು ಮುಖ ದೂರದ ಗುರಿಯ ಕಡೆಗೆ: ಗಡಿ, ಸಾಮ್ರಾಜ್ಯ, ಯೋಜನೆ, ಇಲಾಖೆ. ಅದು ಮೇಲಿನವರ ಕೈಯಲ್ಲೂ ಕಾಲದ ಕೈಯಲ್ಲೂ ಇದೆ, ಯಾವಾಗ ಬೇಕಾದರೂ ರದ್ದಾಗಬಹುದು. ಇನ್ನೊಂದು ಮುಖ ಹತ್ತಿರದ ಮನುಷ್ಯನ ಕಡೆಗೆ. ಅದು ಆ ದಿನವೇ ಪೂರ್ಣವಾಗುತ್ತದೆ, ಪೂರ್ಣವಾದದ್ದನ್ನು ಯಾವ ಅಪ್ಪಣೆಯೂ ಹಿಂದಕ್ಕೆ ಪಡೆಯಲಾರದು. ಕಾಲುಚೀಲ ತಲುಪಿದ ಚಳಿಗಾಲದಲ್ಲಿ ಆ ಸಿಪಾಯಿಯ ಕಾಲು ಬೆಚ್ಚಗಿತ್ತು. ಮುಂದೆ ಕೋಟೆಯೇ ಬರಿದಾಯಿತೆಂಬ ಕಾರಣಕ್ಕೆ ಆ ಕಾಲು ಹಿಂದಿನ ದಿನಾಂಕದಿಂದ ತಣ್ಣಗಾಗುವುದಿಲ್ಲ. ಕಣ್ಣುಬೇನೆಯ ಹತ್ತು ಮಂದಿಯನ್ನು ಹತ್ತೇ ಎಂದು ಬರೆದ ಗುಮಾಸ್ತನ ಸತ್ಯ ಆ ದಿನ ಆ ಹತ್ತು ಮಂದಿಯನ್ನು ಕಾವಲಿನಿಂದ ಉಳಿಸಿರಬೇಕು. ಕಾರ್ಲೀತಿನಲ್ಲಿ ಒಬ್ಬನು ಎಚ್ಚರವಿದ್ದಾಗ ಉಳಿದವರು ನಿದ್ರೆ ಮಾಡಿದರು. ಆ ನಿದ್ರೆ ಸಾಮ್ರಾಜ್ಯದ ಆಯುಸ್ಸನ್ನು ಅವಲಂಬಿಸಿರಲಿಲ್ಲ.

ಆದರೆ ಇಲ್ಲಿಯೂ ಬ್ರಿಜ್‌ನೆಸ್ಸಿನ ಕಲ್ಲನ್ನು ಮರೆಯುವಂತಿಲ್ಲ. ಕೋಟೆಯ ಹೊರಗೂ ಮನುಷ್ಯರಿದ್ದರು. ಕ್ಲೈಡ್ ನದಿಯ ಆ ಸೀಮೆಯಲ್ಲಿದ್ದ ಜನರನ್ನು ಪ್ರಾಚೀನ ಭೂಗೋಳಜ್ಞ ಟಾಲೆಮಿ ಡಮ್ನೋನಿಯರೆಂದು ಕರೆದಿದ್ದಾನೆ. ಅವರು ಬರೆದ ಹಲಗೆಗಳಿಲ್ಲ, ಕೆತ್ತಿದ ಲೆಕ್ಕಗಳಿಲ್ಲ. ವಿಂಡೊಲಾಂಡದ ಒಂದು ಹಲಗೆಯಲ್ಲಿ ಸ್ಥಳೀಯರನ್ನು ಕುರಿತು ತಾತ್ಸಾರದ ಒಂದು ಪದವಿದೆ: 'ಬ್ರಿಟ್ಟುಂಕುಲಿ', ಬ್ರಿಟನ್ನಿನ ಕ್ಷುದ್ರರು. ಒಳಗಿನವರಿಗೆ ನಿದ್ರೆ ಕೊಟ್ಟ ಅದೇ ಕಾವಲು ಹೊರಗಿನ ರೈತನ ನಿದ್ರೆ ಕೆಡಿಸಿರಬಹುದು. ಆದಕಾರಣ ಹತ್ತಿರದ ಮನುಷ್ಯನೆಂದರೆ ನಮ್ಮ ತುಕಡಿಯವನು ಮಾತ್ರವಲ್ಲ, ಬಾಗಿಲಿನ ಹೊರಗೆ ನಿಂತವನೂ ಹೌದು. ಕೆಲಸದ ಬೆಲೆ ತಿಳಿಯಲು ಕೇಳಬೇಕಾದ ಪ್ರಶ್ನೆ ಇದು: ನಮ್ಮ ಕಾವಲಿನಿಂದ ಯಾರು ನಿದ್ರೆ ಮಾಡಿದರು, ಯಾರಿಗೆ ನಿದ್ರೆ ತಪ್ಪಿತು? ಆ ಸಿಪಾಯಿಗೆ ಇದನ್ನು ಬಾಯಿಬಿಟ್ಟು ಕೇಳುವ ಸ್ವಾತಂತ್ರ್ಯ ಇದ್ದಿರಲಾರದು. ಸ್ವತಂತ್ರ ದೇಶದ ಸೇವಕರಾದ ನಮಗೆ ಆ ನೆಪವಿಲ್ಲ. ಕೌಂಟರಿನ ಆಚೆ ಅರ್ಜಿ ಹಿಡಿದು ನಿಂತ ವೃದ್ಧೆಗೆ ಕುಟುಂಬ ಪಿಂಚಣಿ ಈ ತಿಂಗಳೇ ಸಿಗುವಂತೆ ಮಾಡಿದರೆ, ಆ ನಮೂನೆ ಮುಂದೆ ರದ್ದಾದರೂ ಆಕೆ ಉಂಡ ಅನ್ನ ರದ್ದಾಗುವುದಿಲ್ಲ. ವಿಳಂಬಮಾಡಿ ಆಕೆಯನ್ನು ನಾಲ್ಕು ಸಲ ಅಲೆಸಿದರೆ, ಆ ಅಲೆದಾಟವೂ ರದ್ದಾಗುವುದಿಲ್ಲ. ಸಮಾಧಾನ ಕೊಡುವ ಸಿದ್ಧಾಂತವೇ ಲೆಕ್ಕವನ್ನೂ ಕೇಳುತ್ತದೆ.

ವಿಂಡೊಲಾಂಡದ ವಿಷಯದಲ್ಲಿ ನಮ್ಮಂಥ ಪರವೂರಿನ ಕನ್ನಡಿಗರ ಎದೆಗೆ ತಟ್ಟುವ ಇನ್ನೊಂದು ಸಂಗತಿಯಿದೆ. ಅಲ್ಲಿದ್ದ ಸೈನಿಕರಲ್ಲಿ ಹೆಚ್ಚಿನವರು ರೋಮಿನವರಲ್ಲ. ತುಂಗ್ರಿಯನರು ಇಂದಿನ ಬೆಲ್ಜಿಯಂ ಕಡೆಯವರು, ಬಟಾವಿಯನರು ರೈನ್ ನದಿ ಸಮುದ್ರ ಸೇರುವ ಇಂದಿನ ನೆದರ್ಲೆಂಡ್ಸಿನವರು. ಹೊಟ್ಟೆಪಾಡಿಗೆ ಊರು ಬಿಟ್ಟು ಸರಕಾರದ ಸೇವೆಗೆ ಬಂದವರು. ಅವರ ದಳಪತಿ ಫ್ಲೇವಿಯಸ್ ಸಿರಿಯಾಲಿಸನ ಮನೆಯಲ್ಲಿ ಸಿಕ್ಕ ಒಂದು ಹಲಗೆಯ ಮೇಲೆ, ಲ್ಯಾಟಿನ್ ಮಹಾಕವಿ ವರ್ಜಿಲನ 'ಈನಿಯಡ್' ಕಾವ್ಯದ ಒಂದು ಸಾಲನ್ನು ಕಲಿಯುವ ಕೈಯೊಂದು ಬರೆದಿದೆ. ಕೆಳಗೆ ಬೇರೊಂದು ಕೈಯಲ್ಲಿ ಮೂರು ಅಕ್ಷರ. ಅವು 'ಜಡ ಕೆಲಸ' ಎಂಬರ್ಥದ ಮೇಷ್ಟರ ಷರಾ ಇರಬೇಕೆಂದು ವಿದ್ವಾಂಸರು ಓದಿದ್ದಾರೆ. ಮಕ್ಕಳ ಕಾಪಿ ಪುಸ್ತಕ ತಿದ್ದಿದ ತಂದೆತಾಯಿಯರಿಗೆ ನಗು ಬರುವುದು ಸಹಜ. ಆದರೆ ನಗು ನಿಂತಮೇಲೆ ಒಂದು ಮಾತು ಹೊಳೆಯುತ್ತದೆ. ಈ ನೂರಾರು ಹಲಗೆಗಳಲ್ಲಿ ಬಟಾವಿಯನರ ತಾಯಿನುಡಿಯಲ್ಲಿ ಬರೆದ ಒಂದು ಸಾಲೂ ಇಲ್ಲ. ಕಚೇರಿಯ ಭಾಷೆ ಉಳಿಯಿತು, ಮನೆಯ ಭಾಷೆ ಹೋಯಿತು. ಆ ಮಗುವಿಗೆ ಜೋಗುಳ ಹಾಡಿದವಳು ಯಾವ ಮಾತಿನಲ್ಲಿ ಹಾಡಿದಳೋ ಹೇಳುವವರಿಲ್ಲ.

ಬರಹಕ್ಕೆ ಎಲ್ಲಿ ಯಾವ ಅದೃಷ್ಟ ಕಾದಿರುತ್ತದೆಂಬುದಕ್ಕೆ ನಮ್ಮದೇ ಒಂದು ಉದಾಹರಣೆಯುಂಟು. ರೋಮನರ ಆಳ್ವಿಕೆಯಲ್ಲಿದ್ದ ಈಜಿಪ್ಟಿನ ಆಕ್ಸಿರಿಂಕಸ್ ಪಟ್ಟಣದ ಕಸದ ದಿಬ್ಬಗಳಲ್ಲಿ ದೊರೆತ ಒಂದು ಗ್ರೀಕ್ ಪ್ರಹಸನದ ಹಸ್ತಪ್ರತಿ 1903ರಲ್ಲಿ ಪ್ರಕಟವಾಯಿತು. ಭಾರತದ ಕರಾವಳಿಯಲ್ಲಿ ನಡೆಯುವ ಆ ಕಥೆಯಲ್ಲಿ ಸ್ಥಳೀಯರು ಆಡುವ ಮಾತುಗಳು ಕನ್ನಡವಿರಬಹುದೆಂದು ಹುಲ್ಟ್ಜ್ ಅವರು 1904ರಲ್ಲಿ ಸೂಚಿಸಿದರು. ಆರ್. ಶಾಮಶಾಸ್ತ್ರಿಗಳೂ ಗೋವಿಂದ ಪೈಗಳೂ ಅದರ ಬೆನ್ನುಹತ್ತಿದರು. ಎಲ್ಲ ವಿದ್ವಾಂಸರೂ ಇದನ್ನು ಒಪ್ಪಿಲ್ಲ. ಒಪ್ಪಲಿ ಬಿಡಲಿ, ಕಸವೆಂದು ಎಸೆದ ಹಾಳೆಯನ್ನು ಎತ್ತಿಕೊಂಡು ನಮ್ಮ ನುಡಿಯ ಸುಳಿವನ್ನು ಹುಡುಕುವಷ್ಟು ಪ್ರೀತಿ ಇದ್ದವರು ಇದ್ದರಲ್ಲ, ಅದು ದೊಡ್ಡದು.

ನಮ್ಮ ಸಂಘಗಳಲ್ಲಿ ಭಾನುವಾರದ ಕನ್ನಡ ತರಗತಿಯ ಮಾತು ಬಂದಾಗಲೆಲ್ಲ ಒಂದು ನಿಟ್ಟುಸಿರು ಕೇಳಿಬರುತ್ತದೆ. ಮಕ್ಕಳು ಹತ್ತನೆಯ ತರಗತಿಗೆ ಬಂದೊಡನೆ ಬಿಡುತ್ತಾರೆ, ಮೊಮ್ಮಕ್ಕಳು ಬರುವುದೇ ಇಲ್ಲ, ಇನ್ನು ಇಪ್ಪತ್ತು ವರ್ಷಕ್ಕೆ ಈ ಪತ್ರಿಕೆಯನ್ನು ಓದುವವರು ಯಾರು, ಇದೆಲ್ಲ ಏತಕ್ಕೆ ಎಂದು. ದೆಹಲಿಯಲ್ಲಿ ಸರೋಜಿನಿ ನಗರ, ನೇತಾಜಿ ನಗರಗಳ ಹಳೆಯ ಸರಕಾರಿ ವಸತಿಗಳನ್ನು ಕೆಡವಿ ಹೊಸದಾಗಿ ಕಟ್ಟುವ ಯೋಜನೆಗೆ 2016ರಲ್ಲಿ ಒಪ್ಪಿಗೆ ಸಿಕ್ಕಮೇಲೆ, ಅಂಥ ಕ್ವಾರ್ಟರ್ಸುಗಳಲ್ಲಿ ಗೌರಿ ಗಣೇಶನ ಹಬ್ಬ ಮಾಡಿ, ನೆರೆಮನೆಯ ಪಂಜಾಬಿ, ಬಂಗಾಲಿಗಳಿಗೆ ಕಡುಬು ಹಂಚಿದ ಸಂಸಾರಗಳ ಗುರುತೂ ಅಳಿಯುತ್ತಿದೆ. ನಿಟ್ಟುಸಿರು ಸುಳ್ಳಲ್ಲ. ಆದರೆ ನಾವು ಮೇಲೆ ಹೇಳಿದ ಅಳತೆಯನ್ನೇ ಇಲ್ಲಿಯೂ ಹಿಡಿಯಬೇಕು. ಕನ್ನಡ ಈ ಊರಿನಲ್ಲಿ ನೂರು ವರ್ಷ ಉಳಿಯುವುದೆ ಎಂಬುದು ದೂರದ ಮುಖ. ಅದು ನಮ್ಮ ಕೈಯಲ್ಲಿಲ್ಲ. ಈ ಭಾನುವಾರ ಒಂದು ಹುಡುಗಿ ತನ್ನ ಅಜ್ಜಿಗೆ ನಾಲ್ಕು ಸಾಲು ಕಾಗದ ಬರೆಯಲು ಕಲಿತರೆ, ಧಾರವಾಡದಲ್ಲೋ ಹಾಸನದಲ್ಲೋ ಅಜ್ಜಿ ಕನ್ನಡಕ ಹುಡುಕಿ ಅದನ್ನು ಎರಡು ಸಲ ಓದಿಕೊಂಡರೆ, ಅದು ಅಲ್ಲಿಗೇ ಪೂರ್ಣ. ಉಳಿಯುವ ಖಾತ್ರಿಯಿದ್ದರೆ ಮಾತ್ರ ಮಾಡುತ್ತೇವೆನ್ನುವವನು ಯಾವುದನ್ನೂ ಮಾಡಲಾರನು. ಹಾಗೆಂದು, ಹೇಗೂ ಅಳಿಯುವುದೆಂದು ಇಂದೇ ಕೈಬಿಡುವವನು ಅಳಿವಿಗೆ ತಾನೇ ಸಹಿ ಹಾಕಿದಂತೆ. ಬಟಾವಿಯನ ತಾಯಿ ಹಾಡಿದ ಜೋಗುಳ ನಮಗೆ ತಲುಪಲಿಲ್ಲ, ನಿಜ. ಆದರೆ ಅದನ್ನು ಹಾಡಿದ್ದು ನಮಗಾಗಿ ಅಲ್ಲ. ಯಾರಿಗಾಗಿ ಹಾಡಿದಳೋ ಆ ಮಗು ನಿದ್ರೆ ಮಾಡಿತು.

2008ರಿಂದ ಆಂಟೊನೈನ್ ಗೋಡೆ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಕಾರ್ಲೀತಿನ ಹೊಲದಲ್ಲಿ ಹೋಗಿ ನೋಡುವವರಿಗೆ ಇಂದಿಗೂ ಕಾಣುವುದು ಹುಲ್ಲು ಮಾತ್ರ. ಆ ಹುಲ್ಲಿನ ಕೆಳಗೆ, ಯಾರೂ ನೋಡದ ಕಡೆ, ಹದಿನೆಂಟು ಶತಮಾನಗಳ ಹಿಂದೆ ಯಾರೋ ಸರಿಯಾಗಿ ಹಾಸಿದ ಕಲ್ಲು ಹಾಗೆಯೇ ಇದೆ. ಅದನ್ನು ಹಾಸಿದವನು ನಮಗಾಗಿ ಹಾಸಲಿಲ್ಲ, ಕೀರ್ತಿಗಾಗಿಯೂ ಹಾಸಲಿಲ್ಲ. ಮೇಲೆ ನಿಲ್ಲುವ ಗೋಡೆ ತನ್ನ ಜೊತೆಯವರ ಮೇಲೆ ಕುಸಿಯಬಾರದೆಂದು ಹಾಸಿದನು. ಆ ಗೋಡೆ ಅಲ್ಲಿ ನಿಲ್ಲಬೇಕಾಗಿತ್ತೆ ಎಂಬ ಪ್ರಶ್ನೆ ಬೇರೆ. ಅದನ್ನು ಅವನ ಪರವಾಗಿ ಇಂದು ಕೇಳಬೇಕಾದವರು ನಾವು, ನಮ್ಮ ಪರವಾಗಿಯೂ ಕೇಳಿಕೊಳ್ಳಬೇಕಾದವರು ನಾವೇ.